ಟ್ರಿಯೆಸ್ಟೆಯ ಹಡಗುಗಳು

ತೆಂಗು ಕಡಲಂಚಿನ ಮರವೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಮಾತ್ರ ಕಡಲನ್ನು ಕಂಡದ್ದಲ್ಲ. ಕೆರೆಯ ಕೆಳಗಿನ ತೋಟಗಳಲ್ಲಿ ಬೆಳೆದ ಕಾಯಿ ಅಟ್ಟವನ್ನೇರಿ, ಒಳಗಿನ ನೀರು ಇಂಗುವ ತನಕ ಹತ್ತು ಹನ್ನೆರಡು ತಿಂಗಳು ಅಲ್ಲಿಯೇ ಕುಳಿತು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಬರುತ್ತದೆ. ಅಲ್ಲಿಂದ ಉತ್ತರ ಭಾರತದ ಊರುಗಳಿಗೆ ಹೋಗುತ್ತದೆ. ಇಂಥ ಒಳನಾಡಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನೊಬ್ಬನು ಇಟಲಿಯ ಹಡಗಿನ ಕಂಪೆನಿಯೊಂದರ ಚರಿತ್ರೆಯನ್ನು ಬರೆಯಹೊರಟರೆ ಓದುಗರಿಗೆ ನಗು ಬಂದೀತು.

ಆದರೆ ಕಡಲು ನಾವು ತಿಳಿದಷ್ಟು ದೂರದ್ದಲ್ಲ. ನೆರೆಯ ಅರಸೀಕೆರೆಯ ಹೊಯ್ಸಳರ ಕಾಲದ ಶಾಸನದಲ್ಲಿ, ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯ ಮಾತು ಬರುತ್ತದೆ. ನಮ್ಮ ‘ಕೊಬ್ಬರಿ’ಗೆ ಒಡಹುಟ್ಟಾದ ಮಲೆಯಾಳದ ‘ಕೊಪ್ಪರ’ ಎಂಬ ಮಾತು ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ ‘ಕೊಪ್ರಾ’ ಎಂದು ಲೋಕವನ್ನೆಲ್ಲ ಸುತ್ತಿಬಂದಿದೆ. ಇನ್ನು ೧೮೮೯ರಲ್ಲಿ ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿ ಪೂರ್ತಿಯಾದ ಮೇಲಂತೂ ತಿಪಟೂರಿನ ನಿಲ್ದಾಣದಲ್ಲಿ ರೈಲು ಹತ್ತಿದವನು ಹುಬ್ಬಳ್ಳಿ, ಬೆಳಗಾವಿ, ಮೀರಜ್, ಪುಣೆಗಳ ಮೇಲೆ ಮುಂಬಯಿಯನ್ನು ಸೇರಬಹುದಾಗಿತ್ತು. ಮುಂಬಯಿಯ ಬ್ಯಾಲಾರ್ಡ್ ಪಿಯರ್ ಎಂಬ ಹಡಗುಕಟ್ಟೆಯನ್ನು ಮುಟ್ಟಿದ ಮೇಲೆ ಯೂರೋಪಿಗೆ ನೀರಿನ ದಾರಿಯೊಂದೇ ಉಳಿದಿರುತ್ತಿತ್ತು.

ಆ ದಾರಿಯಲ್ಲಿ ಹೋದವರಲ್ಲಿ ನನ್ನ ತಾಯಿಯ ಸೋದರಮಾವಂದಿರೊಬ್ಬರು. ತುರುವೇಕೆರೆ ತಾಲ್ಲೂಕಿನ ಹಳ್ಳಿಯವರು. ೧೯೫೮ರಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟರು. ಮನೆಯವರು ಹೇಳುವಂತೆ, ರೈಲಿಗೆ ಹೊರಡುವ ಮುನ್ನ ಅವರ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ಯಾರ್ದು ಮಗಾ ಆ ಹಡಗು? ಇಂಗ್ಲೀಷ್ನೋರ್ದಾ?” “ಅಲ್ಲಮ್ಮ, ಇಟ್ಲಿಯೋರ್ದು” ಎಂದರು ಇವರು. “ಸದ್ಯ! ಹಂಗಾದ್ರೆ ಹೋಗಿ ಬಾ” ಎಂದಳಂತೆ ಆ ತಾಯಿ.

ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷವಾದ ಮೇಲೂ, ಅಕ್ಷರ ಬಾರದ ಹಳ್ಳಿಯ ಹೆಂಗಸಿನ ಬಾಯಲ್ಲಿ ಬಂದ ಆ ‘ಸದ್ಯ’ ಎಂಬ ಮಾತಿನ ಹಿಂದೆ ಒಂದು ಕಾಲದ ಚರಿತ್ರೆಯೇ ಇದೆ. ಆಳುವವರ ಹಡಗಲ್ಲ, ಬೇರೆಯವರದು ಎಂಬ ಸಮಾಧಾನ ಅದು. ಈ ಸಮಾಧಾನ ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ನೋಡಬೇಕಾದರೆ ಆ ಹಡಗಿನ ಮನೆತನವನ್ನು ವಿಚಾರಿಸಬೇಕು.

ಕಂಪೆನಿಯ ಹೆಸರು ಲಾಯ್ಡ್ ಟ್ರಿಯೆಸ್ಟಿನೊ. ಎಂದರೆ ಟ್ರಿಯೆಸ್ಟೆಯ ಲಾಯ್ಡ್. ಟ್ರಿಯೆಸ್ಟೆ ಏಡ್ರಿಯಾಟಿಕ್ ಸಮುದ್ರದ ತುದಿಯಲ್ಲಿರುವ ರೇವುಪಟ್ಟಣ. ಕಂಪೆನಿ ಹುಟ್ಟಿದಾಗ ಅದು ಇಟಲಿಯದಾಗಿರಲಿಲ್ಲ, ಆಸ್ಟ್ರಿಯ ಚಕ್ರಾಧಿಪತ್ಯದ ಮುಖ್ಯ ಬಂದರಾಗಿತ್ತು. ೧೮೩೩ರಲ್ಲಿ ಅಲ್ಲಿಯ ವ್ಯಾಪಾರಿಗಳೂ ವಿಮೆಗಾರರೂ ಸೇರಿ ಹಡಗುಗಳ ಸಮಾಚಾರವನ್ನು ಒಂದೆಡೆ ಕಲೆಹಾಕುವ ಸಂಘವೊಂದನ್ನು ಕಟ್ಟಿದರು. ಲಂಡನ್ನಿನಲ್ಲಿ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಿಂದ ಬೆಳೆದು ಬಂದಿದ್ದ ವಿಮೆಗಾರರ ಕೂಟವನ್ನು ಮಾದರಿಯಾಗಿಟ್ಟುಕೊಂಡು ತಮ್ಮದಕ್ಕೂ ‘ಆಸ್ಟ್ರಿಯದ ಲಾಯ್ಡ್’ ಎಂದು ಹೆಸರಿಟ್ಟರು. ಮೂರು ವರ್ಷಗಳಲ್ಲಿ ಸಮಾಚಾರ ಸಂಗ್ರಹದ ಜೊತೆಗೆ ಹಡಗು ನಡೆಸುವ ಶಾಖೆಯೂ ಹುಟ್ಟಿತು. ೧೮೩೭ರಲ್ಲಿ ಅವರ ಉಗಿಹಡಗು ಕಾನ್‌ಸ್ಟಾಂಟಿನೋಪಲಿಗೆ ಹೊರಟಿತು.

ಸೂಯೆಜ್ ಕಾಲುವೆ ಈ ಕಂಪೆನಿಯ ಹಣೆಬರಹವನ್ನೇ ಬದಲಾಯಿಸಿತು. ಕಾಲುವೆಯ ಯೋಜನೆಗೆ ಒತ್ತಾಸೆಯಾಗಿ ನಿಂತವರಲ್ಲಿ ಟ್ರಿಯೆಸ್ಟೆಯ ವರ್ತಕ ಪಾಸ್ಕ್ವಾಲೆ ರೆವೊಲ್ಟೆಲ್ಲ ಪ್ರಮುಖನು. ಕಾಲುವೆ ಕಂಪೆನಿಯ ಉಪಾಧ್ಯಕ್ಷನೂ ಆಗಿದ್ದನು. ೧೮೬೯ರ ನವೆಂಬರಿನಲ್ಲಿ ಕಾಲುವೆ ತೆರೆಯಿತು. ಆಫ್ರಿಕವನ್ನು ಬಳಸಿ ಬರಬೇಕಾಗಿದ್ದ ದಾರಿ ಕೆಂಪು ಸಮುದ್ರದೊಳಗಿನ ನೇರದಾರಿಯಾಯಿತು. ಟ್ರಿಯೆಸ್ಟೆಯ ಹಡಗುಗಳು ಮುಂಬಯಿಗೂ ಅಲ್ಲಿಂದಾಚೆಗೂ ಬರತೊಡಗಿದವು. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯದ ಚಕ್ರಾಧಿಪತ್ಯ ಮುರಿದುಬಿದ್ದು, ೧೯೧೮ರಲ್ಲಿ ಟ್ರಿಯೆಸ್ಟೆ ಇಟಲಿಯ ಕೈಸೇರಿತು. ಕಟ್ಟೆ ಅದೇ, ಹಡಗು ಅವೇ, ನಾವಿಕರೂ ಬಹುಮಟ್ಟಿಗೆ ಅವರೇ. ಬಾವುಟ ಮಾತ್ರ ಬೇರೆಯಾಯಿತು. ಕಂಪೆನಿಗೆ ಲಾಯ್ಡ್ ಟ್ರಿಯೆಸ್ಟಿನೊ ಎಂದು ನಾಮಕರಣವಾದದ್ದು ಆಗಲೇ.

ನಮ್ಮವರಿಗೆ ಅಂದು ಹಡಗು ಹತ್ತುವುದೇ ಒಂದು ಸಾಹಸ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತಿತನನ್ನಾಗಿ ಮಾಡುವ ಕರ್ಮಗಳ ಸಾಲಿನಲ್ಲಿಟ್ಟಿದೆ. ಹೋಗಿಬಂದವರು ಪ್ರಾಯಶ್ಚಿತ್ತ ಮಾಡಿಸಿಕೊಳ್ಳಬೇಕೆಂಬ ಹಟ ಇಪ್ಪತ್ತನೆಯ ಶತಮಾನದಲ್ಲಿಯೂ ಎಷ್ಟೋ ಮನೆಗಳಲ್ಲಿತ್ತು. ಆ ಗೆರೆಯನ್ನು ದಾಟಿದವನಿಗೆ ಎದುರಾಗುತ್ತಿದ್ದುದು ಇನ್ನೊಂದು ಗೆರೆ. ಮುಂಬಯಿಯಿಂದ ಹೊರಡುತ್ತಿದ್ದ ಪಿ. ಅಂಡ್ ಓ. ಕಂಪೆನಿಯ ಹಡಗುಗಳು ಬ್ರಿಟಿಷ್ ಅಧಿಕಾರಿಗಳು ಸಂಸಾರಸಮೇತ ಹೋಗಿಬರುತ್ತಿದ್ದ ಹಡಗುಗಳು. ಹಿಂದೂಸ್ಥಾನದ ದರ್ಬಾರೇ ತೇಲುತ್ತ ಹೋದಂತೆ. ಯಾರು ಯಾರೊಡನೆ ಊಟಕ್ಕೆ ಕೂರಬೇಕು, ಯಾರಿಗೆ ಯಾರು ನಮಸ್ಕರಿಸಬೇಕು ಎಂಬ ಅಂತಸ್ತಿನ ಲೆಕ್ಕಾಚಾರ ನೀರಿನ ಮೇಲೂ ಬಿಡುತ್ತಿರಲಿಲ್ಲ. ಇಟಲಿಯ ಹಡಗಿನಲ್ಲಿ ಆ ದರ್ಬಾರಿರಲಿಲ್ಲ. ಸ್ವಾಭಿಮಾನವುಳ್ಳ ವಿದ್ಯಾರ್ಥಿಗೂ ರಾಜಕೀಯ ಕಾರ್ಯಕರ್ತನಿಗೂ ಅದು ಸಣ್ಣ ವಿಷಯವಲ್ಲ.

೧೯೩೦ರ ಜುಲೈ ೩೧ರಂದು ಪಿಲ್ಸ್ನಾ ಎಂಬ ಹಡಗು ಮುಂಬಯಿಯಿಂದ ವೆನಿಸಿನ ಕಡೆಗೆ ಹೊರಟಿತು. ಪಿಲ್ಸ್ನಾ ಎಂದರೆ ಬೊಹೀಮಿಯದ ಪಿಲ್ಸೆನ್ ಪಟ್ಟಣ. ಆಸ್ಟ್ರಿಯದ ಕಾಲದ ನೆನಪು ಹಡಗಿನ ಹೆಸರಿನಲ್ಲಿ ಹಾಗೆಯೇ ಉಳಿದಿತ್ತು. ಅದರಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಕೇಂಬ್ರಿಡ್ಜಿಗೆ ಹೊರಟಿದ್ದ. ಬೇಸರ ಕಳೆಯಲೆಂದು ಲೆಕ್ಕ ಹಾಕುತ್ತ ಕುಳಿತ ಆತನಿಗೆ, ಉರಿದು ಮುಗಿದ ನಕ್ಷತ್ರ ಒಂದು ಮಿತಿಗಿಂತ ಭಾರವಾಗಿದ್ದರೆ ಶ್ವೇತಕುಬ್ಜವಾಗಿ ನೆಮ್ಮದಿಯಿಂದ ನಿಲ್ಲಲಾರದೆಂಬುದು ಹೊಳೆಯಿತು. ಆತನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. ಮುಂದೆ ಬೆಂಗಳೂರಿನವರೇ ಆಗಿಹೋದ ಸಿ. ವಿ. ರಾಮನ್ನರ ಅಣ್ಣನ ಮಗ. ಅಂದು ಹಡಗಿನಲ್ಲಿ ಮೊದಲಿಟ್ಟ ಲೆಕ್ಕ ಇಂದು ‘ಚಂದ್ರಶೇಖರ್ ಮಿತಿ’ ಎಂದು ಪ್ರಸಿದ್ಧವಾಗಿದೆ. ೧೯೮೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಮರುವರ್ಷ ಅದೇ ಪಿಲ್ಸ್ನಾ ಇನ್ನೊಬ್ಬ ಪ್ರಯಾಣಿಕನನ್ನು ಎದುರುದಿಕ್ಕಿನಲ್ಲಿ ಕರೆತಂದಿತು. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ಗಾಂಧೀಜಿ ೧೯೩೧ರ ಡಿಸೆಂಬರ್ ೧೪ರಂದು ಇಟಲಿಯ ಬ್ರಿಂಡಿಸಿಯಲ್ಲಿ ಪಿಲ್ಸ್ನಾವನ್ನೇರಿ ೨೮ರಂದು ಮುಂಬಯಿಯಲ್ಲಿ ಇಳಿದರು. ಹೋಗುವಾಗ ಅವರು ಹತ್ತಿದ್ದುದು ಪಿ. ಅಂಡ್ ಓ. ಕಂಪೆನಿಯ ರಾಜಪುತಾನವನ್ನು, ಬರುವಾಗ ಟ್ರಿಯೆಸ್ಟೆಯ ಹಡಗು. ಸುಭಾಷಚಂದ್ರ ಬೋಸರು ೧೯೩೩ರ ಫೆಬ್ರವರಿ ೨೩ರಂದು ಚಿಕಿತ್ಸೆಗೆಂದು ಯೂರೋಪಿಗೆ ಹೊರಟದ್ದು ಇದೇ ಕಂಪೆನಿಯ ಗಂಗೆ ಎಂಬ ಹಡಗಿನಲ್ಲಿ. ಗಂಗೆಯ ಹೆಸರನ್ನು ಇಟಾಲಿಯನ್ನರು ‘ಗಾಂಜೆ’ ಎಂದು ಉಚ್ಚರಿಸುತ್ತಿದ್ದಿರಬೇಕು; ಆದರೆ ದೇಶದಿಂದ ಹೊರಗಟ್ಟಿಸಿಕೊಂಡ ದೇಶಭಕ್ತನೊಬ್ಬನನ್ನು ಗಂಗೆಯೇ ಹೊತ್ತುಕೊಂಡು ಹೋದಳೆಂದರೆ ಕಾವ್ಯದಂತಿದೆ.

ಇಷ್ಟನ್ನೇ ಓದಿದವರು ಟ್ರಿಯೆಸ್ಟೆಯ ಹಡಗುಗಳನ್ನು ನಮ್ಮ ಸ್ವಾತಂತ್ರ್ಯ ಸಮರದ ಮಿತ್ರರೆಂದೇ ಬಗೆದಾರು. ಆದರೆ ಆ ಹಡಗಿನ ಮೇಲೆ ಹಾರುತ್ತಿದ್ದ ಬಾವುಟ ಮುಸೊಲಿನಿಯ ಇಟಲಿಯದು. ಗಾಂಧೀಜಿ ಪಿಲ್ಸ್ನಾವನ್ನೇರುವ ಎರಡು ದಿನ ಮುಂಚೆ, ಡಿಸೆಂಬರ್ ೧೨ರಂದು, ರೋಮಿನಲ್ಲಿ ಮುಸೊಲಿನಿಯನ್ನು ಕಂಡಿದ್ದರು. ಅವರು ಹಡಗಿನಲ್ಲಿರುವಾಗಲೇ ರೋಮಿನ ‘ಜಿಯೊರ್ನಾಲೆ ಡಿಟಾಲಿಯ’ ಪತ್ರಿಕೆ, ಗಾಂಧಿಯವರು ಊರಿಗೆ ಹೋಗಿ ಮತ್ತೆ ಸಂಗ್ರಾಮ ಹೂಡುವುದಾಗಿ ತನಗೆ ತಿಳಿಸಿದರೆಂದು ಅಚ್ಚುಹಾಕಿತು. ತಾವು ಯಾರಿಗೂ ಅಂಥ ಹೇಳಿಕೆ ಕೊಟ್ಟಿಲ್ಲವೆಂದು ಗಾಂಧೀಜಿ ಪಿಲ್ಸ್ನಾದಿಂದಲೇ ತಂತಿ ಕಳಿಸಬೇಕಾಯಿತು. ಆಡದ ಮಾತು ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಮುಂಬಯಿಯಲ್ಲಿ ಇಳಿದ ಏಳನೆಯ ದಿನ, ೧೯೩೨ರ ಜನವರಿ ೪ರಂದು, ಅವರು ಸೆರೆಮನೆಯಲ್ಲಿದ್ದರು.

ಮುಸೊಲಿನಿಗೆ ಹಡಗೆಂದರೆ ಬರಿಯ ವಾಹನವಲ್ಲ, ದೇಶದ ಡಂಗುರ. ೧೯೩೧ರಲ್ಲಿ ಟ್ರಿಯೆಸ್ಟೆಯಲ್ಲಿ ಕಟ್ಟಿದ ವಿಕ್ಟೋರಿಯಾ ಎಂಬ ಡೀಸೆಲ್ ಹಡಗು ಹೊಸ ಕಾಲದ ಕಲೆಗಾರಿಕೆಗೂ ವೇಗಕ್ಕೂ ಹೆಸರಾಗಿತ್ತು. ಅದು ಮುಂಬಯಿಗೂ ಬಂದು ಹೋಗುತ್ತಿತ್ತು. ಅದರ ಜೊತೆಗೆ ಎರಡು ದೊಡ್ಡ ಹಡಗುಗಳು ೧೯೩೨ರಲ್ಲಿ ಈ ಕಂಪೆನಿಯ ಪಾಲಿಗೆ ಬಂದು ಮುಂಬಯಿಯ ಮೇಲೆ ಷಾಂಘೈವರೆಗೆ ಓಡಾಡತೊಡಗಿದವು. ಒಂದು ಕಾಂಟೆ ರೊಸ್ಸೊ, ಇನ್ನೊಂದು ಕಾಂಟೆ ವೆರ್ಡೆ; ಎಂದರೆ ಕೆಂಪು ದೊರೆ, ಹಸಿರು ದೊರೆ. ಎರಡೂ ಸ್ಕಾಟ್ಲೆಂಡಿನಲ್ಲಿ ಕಟ್ಟಿದವು. ಒಂದೊಂದೂ ಸುಮಾರು ೧೮,೦೦೦ ಟನ್ನಿನವು. ೧೯೩೦ರಲ್ಲಿ ಮೊಟ್ಟಮೊದಲ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳಿಗೆಂದು ಫ್ರಾನ್ಸ್, ಬೆಲ್ಜಿಯಂ, ರುಮೇನಿಯಗಳ ತಂಡಗಳನ್ನೂ ಆ ಬಟ್ಟಲನ್ನೂ ಉರುಗ್ವೆಗೆ ಹೊತ್ತೊಯ್ದದ್ದು ಈ ಕಾಂಟೆ ವೆರ್ಡೆಯೇ. ಆರು ವರ್ಷಗಳ ನಂತರ, ೧೯೩೬ರ ಏಪ್ರಿಲ್ ೮ರಂದು, ಅದೇ ಹಡಗಿನಿಂದ ಸುಭಾಷರು ಮುಂಬಯಿಯಲ್ಲಿ ಇಳಿದರು, ಇಳಿದೊಡನೆಯೇ ಬಂಧನವಾಯಿತು.

ಅವರು ಇಳಿದ ಆ ತಿಂಗಳಿನಲ್ಲಿ ಇಟಲಿ ಏನು ಮಾಡುತ್ತಿತ್ತು? ೧೯೩೫ರ ಅಕ್ಟೋಬರಿನಲ್ಲಿ ಮುಸೊಲಿನಿಯ ಸೈನ್ಯ ಅಬಿಸೀನಿಯದ ಮೇಲೆ ಬಿದ್ದಿತ್ತು. ಸೈನಿಕರನ್ನೂ ಮದ್ದುಗುಂಡನ್ನೂ ಹೊತ್ತ ಇಟಲಿಯ ಹಡಗುಗಳು ಸೂಯೆಜ್ ಕಾಲುವೆಯಲ್ಲಿ ಸಾಲುಗಟ್ಟಿದ್ದವು. ಪ್ರಯಾಣಿಕರ ಹಡಗುಗಳು ಕೂಡ ಈ ಕೆಲಸಕ್ಕೆ ಹೂಡಲ್ಪಟ್ಟವು. ನಮ್ಮ ವಿದ್ಯಾರ್ಥಿಗಳು ಸ್ವಾಭಿಮಾನದಿಂದ ಹೋಗಿಬರುತ್ತಿದ್ದ ಆ ನೀರಿನ ದಾರಿಯಲ್ಲಿಯೇ ಆಫ್ರಿಕದ ಸ್ವತಂತ್ರ ದೇಶವೊಂದರ ಕೊರಳಿಗೆ ಹಗ್ಗ ಹೋಗುತ್ತಿತ್ತು. ಅದೇ ೧೯೩೬ರ ಮಾರ್ಚಿನಲ್ಲಿ, ಹೆಂಡತಿಯನ್ನು ಕಳೆದುಕೊಂಡು ವಿಮಾನದಲ್ಲಿ ಊರಿಗೆ ಬರುತ್ತಿದ್ದ ಜವಾಹರಲಾಲ್ ನೆಹರೂ ರೋಮಿನಲ್ಲಿ ಇಳಿದಾಗ ಮುಸೊಲಿನಿಯಿಂದ ಆಹ್ವಾನ ಬಂದಿತು. ಅವರು ಹೋಗಲಿಲ್ಲ. ತನ್ನನ್ನು ಆಳುವವನ ವೈರಿ ತನ್ನ ಮಿತ್ರನೆಂಬ ಸುಲಭದ ಲೆಕ್ಕ ತಪ್ಪೆಂಬುದನ್ನು ಆ ನಿರಾಕರಣೆ ಎತ್ತಿ ತೋರಿಸಿತು.

ಹಾಗೆಂದು ಹಡಗುಗಳನ್ನು ಪಾಪಿಗಳೆನ್ನುವುದೂ ಸುಲಭವಲ್ಲ. ೧೯೩೮ರ ಕೊನೆಯಿಂದ ಹಿಟ್ಲರನ ಜರ್ಮನಿಯಿಂದಲೂ ಆಸ್ಟ್ರಿಯದಿಂದಲೂ ಯೆಹೂದ್ಯರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಓಡತೊಡಗಿದರು. ಯಾವ ದೇಶವೂ ಬಾಗಿಲು ತೆರೆಯದಿದ್ದಾಗ, ವೀಸಾ ಕೇಳದ ಊರು ಷಾಂಘೈ ಒಂದೇ. ಅಲ್ಲಿಗೆ ೧೫,೦೦೦ಕ್ಕೂ ಹೆಚ್ಚು ಮಂದಿ ಹೋಗಿ ಸೇರಿದರು. ಬಹಳ ಮಂದಿ ಹೋದದ್ದು ಕಾಂಟೆ ವೆರ್ಡೆ, ಕಾಂಟೆ ರೊಸ್ಸೊ, ವಿಕ್ಟೋರಿಯಾ ಮೊದಲಾದ ಈ ಇಟಾಲಿಯನ್ ಹಡಗುಗಳಲ್ಲಿ, ಮುಂಬಯಿ, ಕೊಲಂಬೊಗಳ ಮೇಲೆ. ಮುಸೊಲಿನಿಯೇ ತನ್ನ ದೇಶದಲ್ಲಿ ಯೆಹೂದ್ಯರ ವಿರುದ್ಧ ಕಾನೂನು ಹೊರಡಿಸಿದ ವರ್ಷದಲ್ಲಿ ಅವನ ಹಡಗುಗಳು ಸಾವಿರಾರು ಯೆಹೂದ್ಯರ ಪ್ರಾಣ ಉಳಿಸಿದವು. ಧರ್ಮಕ್ಕಾಗಿ ಅಲ್ಲ, ಟಿಕೆಟಿನ ಹಣಕ್ಕಾಗಿ. ಆದರೂ ಉಳಿದದ್ದು ಉಳಿಯಿತು. ಹೀಗೆ ನೆಲೆ ತಪ್ಪಿದವರಲ್ಲಿ ನಮ್ಮ ನಾಡಿಗೆ ದಕ್ಕಿದವರೂ ಉಂಟು. ಜರ್ಮನಿಯನ್ನು ಬಿಟ್ಟು ಈಜಿಪ್ಟಿಗೆ ಹೋಗಿದ್ದ ಆಟೊ ಕೋನಿಗ್ಸ್‌ಬರ್ಗರ್ ೧೯೩೯ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರು ಕಟ್ಟಿಸಿದ ಕಟ್ಟಡಗಳಿವೆ.

೧೯೪೦ರ ಜೂನ್ ೧೦ರಂದು ಇಟಲಿ ಯುದ್ಧಕ್ಕಿಳಿಯಿತು. ಆ ಮೇಲಿನ ಕತೆ ಕೆಲವೇ ಸಾಲಿನದು. ೧೯೪೧ರ ಮೇ ೨೪ರಂದು, ಸುಮಾರು ೨,೭೦೦ ಸೈನಿಕರನ್ನು ಆಫ್ರಿಕಕ್ಕೆ ಒಯ್ಯುತ್ತಿದ್ದ ಕಾಂಟೆ ರೊಸ್ಸೊವನ್ನು ಸಿಸಿಲಿಯ ಬಳಿ ಬ್ರಿಟಿಷರ ಸಬ್‌ಮೆರೀನ್ ಮುಳುಗಿಸಿತು. ಸತ್ತವರು ಸುಮಾರು ೧,೩೦೦. ೧೯೪೨ರ ಜನವರಿಯಲ್ಲಿ ವಿಮಾನಗಳು ಎಸೆದ ಟಾರ್ಪಿಡೊಗಳಿಗೆ ವಿಕ್ಟೋರಿಯಾ ಬಲಿಯಾಯಿತು. ೧೯೪೩ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ, ಜಪಾನಿಯರ ಕೈಗೆ ಸಿಕ್ಕಬಾರದೆಂದು ಕಾಂಟೆ ವೆರ್ಡೆಯನ್ನು ಅದರ ನಾವಿಕರೇ ಷಾಂಘೈನಲ್ಲಿ ಮುಳುಗಿಸಿದರು. ಇತ್ತ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸಿಪಾಯಿಗಳು ಬೆಂಗಳೂರಿನ ಜಾಲಹಳ್ಳಿಯ ಶಿಬಿರಗಳಿಗೆ ಬಂದರು. ಹಿಂದೆ ನಮ್ಮವರು ಇಟಲಿಯ ಹಡಗಿನಲ್ಲಿ ಆ ಕಡೆಗೆ ಹೋಗುತ್ತಿದ್ದರು. ಈಗ ಇಟಲಿಯವರು ಇಂಗ್ಲಿಷರ ಕಾವಲಿನಲ್ಲಿ ಈ ಕಡೆಗೆ ಬಂದರು.

ಯುದ್ಧ ಮುಗಿದಾಗ ಕಂಪೆನಿಗೆ ಉಳಿದಿದ್ದ ಹಡಗುಗಳು ಬೆರಳೆಣಿಕೆಯಷ್ಟು. ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ೧೯೫೩ರಲ್ಲಿ ಏಷ್ಯಾ ಮತ್ತು ವಿಕ್ಟೋರಿಯಾ ಎಂಬ ಎರಡು ಬಿಳಿಯ ಹಡಗುಗಳು, ಸುಮಾರು ೧೧,೭೦೦ ಟನ್ನಿನವು, ಇಟಲಿಯಿಂದ ಸೂಯೆಜ್, ಏಡನ್, ಕರಾಚಿ, ಮುಂಬಯಿ, ಕೊಲಂಬೊಗಳ ಮೇಲೆ ಹಾಂಗ್‌ಕಾಂಗಿನವರೆಗೆ ಓಡಾಡತೊಡಗಿದವು. ಮುಳುಗಿದ ವಿಕ್ಟೋರಿಯಾದ ಹೆಸರನ್ನೇ ಹೊಸದಕ್ಕೆ ಇಟ್ಟಿದ್ದರು, ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವಂತೆ. ಸ್ವತಂತ್ರ ಭಾರತದ ಎಷ್ಟೋ ವಿದ್ಯಾರ್ಥಿಗಳೂ ಎಂಜಿನಿಯರುಗಳೂ ವೈದ್ಯರೂ ಯೂರೋಪನ್ನು ಮೊದಲು ಕಂಡದ್ದು ಈ ಎರಡು ಹಡಗುಗಳ ಕಟಾಂಜನದ ಬಳಿ ನಿಂತು.

ನಮ್ಮ ಮನೆಯ ಆ ಹಿರಿಯರು ಹೋದದ್ದು ಈ ಹೊಸ ವಿಕ್ಟೋರಿಯಾದಲ್ಲಿ. ಹಡಗಿನ ಊಟದಲ್ಲಿ ಅವರಿಗೆ ಒಗ್ಗಿದ್ದು ಬ್ರೆಡ್ಡು, ಅನ್ನ, ಹಣ್ಣು ಮಾತ್ರವಂತೆ. ಉಳಿದದ್ದಕ್ಕೆ ಮನೆಯಿಂದ ಒಯ್ದ ಕೊಬ್ಬರಿ ಚಟ್ನಿಪುಡಿಯ ಡಬ್ಬಿಯೇ ಗತಿ. ಕೆಂಪು ಸಮುದ್ರ ದಾಟುವ ಹೊತ್ತಿಗೆ ಆ ಡಬ್ಬಿಗೆ ಊಟದ ಮೇಜಿನಲ್ಲಿ ಅಕ್ಕಪಕ್ಕದ ಪಾಲುದಾರರು ಹುಟ್ಟಿಕೊಂಡರು, ಮದರಾಸಿನವನೊಬ್ಬ, ಪಂಜಾಬಿನವನೊಬ್ಬ. ಏಡನ್ನಿನಲ್ಲಿ ಇಳಿದು ನೋಡಿದಾಗ ಎತ್ತ ನೋಡಿದರೂ ಒಂದು ಹಸಿರು ಮರವಿಲ್ಲದೆ ತಮಗೆ ಅಳು ಬಂದಿತೆಂದು ಅವರು ಕಾಗದ ಬರೆದಿದ್ದರು. ತೋಟದ ನೆರಳಿನಲ್ಲಿ ಬೆಳೆದವರಿಗೆ ಅದು ಸಹಜವೇ.

ಕನ್ನಡ ಸಾಹಿತ್ಯಕ್ಕೂ ಈ ನೀರಿನ ದಾರಿಯಿಂದ ಲಾಭವಾಗಿದೆ. ವಿ. ಕೃ. ಗೋಕಾಕರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಸಮುದ್ರಯಾನದ ಅನುಭವದಿಂದ ಅವರ ‘ಸಮುದ್ರ ಗೀತೆಗಳು’ ಹುಟ್ಟಿ ೧೯೪೦ರಲ್ಲಿ ಪ್ರಕಟವಾದವು. ಇದನ್ನು ತರಗತಿಯಲ್ಲಿ ಹೇಳುವಾಗ, ವಿಮಾನದಲ್ಲಿ ಹೋಗದೆ ಅಷ್ಟು ದಿನ ಹಡಗಿನಲ್ಲಿ ಏಕೆ ಹೋದರೆಂದು ಹುಡುಗರು ಕೇಳುವುದುಂಟು. ಅಂದಿನ ಪ್ರಯಾಣಿಕನಿಗೆ ಬಿಟ್ಟುಬಂದ ಊರು ಮೆಲ್ಲಮೆಲ್ಲನೆ ಮರೆಯಾಗುತ್ತಿತ್ತು. ಹೋಗುವ ಊರು ಮೆಲ್ಲಮೆಲ್ಲನೆ ಹತ್ತಿರ ಬರುತ್ತಿತ್ತು. ನಡುವೆ ಎರಡು ವಾರ ಅವನು ಯಾವ ಊರಿನವನೂ ಅಲ್ಲ. ಚಂದ್ರಶೇಖರರ ಲೆಕ್ಕ ಹುಟ್ಟಿದ್ದೂ ಇಂಥ ಬಿಡುವಿನಲ್ಲಿಯೇ ಎಂದು ಅವರಿಗೆ ಹೇಳುತ್ತೇನೆ.

ಈ ಕಾಲ ಬಹಳ ದಿನ ಉಳಿಯಲಿಲ್ಲ. ಸೂಯೆಜ್ ಕಾಲುವೆ ೧೯೫೬ರಲ್ಲಿ ಕೆಲವು ತಿಂಗಳು ಮುಚ್ಚಿತು. ೧೯೬೭ರ ಯುದ್ಧದಲ್ಲಿ ಮುಚ್ಚಿದ್ದು ೧೯೭೫ರವರೆಗೆ ತೆರೆಯಲಿಲ್ಲ. ಹಡಗುಗಳು ಮತ್ತೆ ಹಳೆಯ ಕಾಲದಂತೆ ಆಫ್ರಿಕವನ್ನು ಬಳಸಬೇಕಾಯಿತು. ಅಷ್ಟರಲ್ಲಿ ಜೆಟ್ ವಿಮಾನ ಎರಡು ವಾರದ ದಾರಿಯನ್ನು ಒಂದು ಹಗಲಿಗೆ ಇಳಿಸಿತ್ತು. ಯಾವ ಕಾಲುವೆ ಕಂಪೆನಿಯನ್ನು ಬೆಳೆಸಿತ್ತೋ ಅದೇ ಕಾಲುವೆ ಮುಚ್ಚಿದಾಗ ಪ್ರಯಾಣಿಕರ ಹಡಗುಗಳ ಕಾಲವೂ ಮುಗಿಯುತ್ತ ಬಂದಿತು. ಮುಂದೆ ಲಾಯ್ಡ್ ಟ್ರಿಯೆಸ್ಟಿನೊ ಸರಕಿನ ಪೆಟ್ಟಿಗೆಗಳನ್ನು ಸಾಗಿಸುವ ಕಂಪೆನಿಯಾಯಿತು. ೧೯೯೮ರಲ್ಲಿ ತೈವಾನಿನ ಎವರ್‌ಗ್ರೀನ್ ಸಮೂಹದ ಕೈಸೇರಿತು. ೨೦೦೬ರಲ್ಲಿ ಅದರ ಹೆಸರೂ ಇಟಾಲಿಯ ಮರಿಟಿಮಾ ಎಂದು ಬದಲಾಯಿತು.

ಈಗ ಆ ತಾಯಿಯ ‘ಸದ್ಯ’ಕ್ಕೆ ಬರೋಣ. ಅವಳ ಮಾತಿನಲ್ಲಿ ತಪ್ಪಿತ್ತೆಂದು ನನಗೆ ಅನ್ನಿಸುವುದಿಲ್ಲ. ಆಳಿಸಿಕೊಂಡವರು ತಮ್ಮ ಮಾನ ಉಳಿಯುವ ದಾರಿಯನ್ನು ಹುಡುಕುವುದು ಸಹಜ. ಒಂದು ಹಡಗಿನಲ್ಲಿ ತಲೆಯೆತ್ತಿ ಕೂರಲು ಸಾಧ್ಯವಾದರೆ ಅದೇ ದೊಡ್ಡದು. ಆದರೆ ಚರಿತ್ರೆಯನ್ನು ಬರೆಯುವವನು ಅಷ್ಟಕ್ಕೇ ನಿಲ್ಲುವಂತಿಲ್ಲ. ನಮಗೆ ಮಾನ ಕೊಟ್ಟ ಬಾವುಟ ಅಬಿಸೀನಿಯದವನಿಗೆ ಮೃತ್ಯುವಾಗಿತ್ತು. ಅದೇ ಬಾವುಟದ ಅಡಿಯಲ್ಲಿ ವಿಯೆನ್ನದ ಯೆಹೂದ್ಯನಿಗೆ ಪ್ರಾಣ ದೊರೆಯಿತು. ಮೂವರ ನೆನಪೂ ನಿಜ. ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಬಿಟ್ಟರೆ ಅದು ಕಂಪೆನಿಯ ಜಾಹೀರಾತಾದೀತು, ಚರಿತ್ರೆಯಾಗದು.

ಕೊನೆಗೊಂದು ಮಾತು ಆ ಎರಡನೆಯ ವಿಕ್ಟೋರಿಯಾದ ಬಗ್ಗೆ. ೧೯೭೮ರಲ್ಲಿ ಅದನ್ನು ಒಂದು ಕ್ರೈಸ್ತ ಸೇವಾಸಂಸ್ಥೆ ಕೊಂಡು ಆಸ್ಪತ್ರೆಯ ಹಡಗನ್ನಾಗಿ ಮಾರ್ಪಡಿಸಿ ‘ಅನಾಸ್ತಾಸಿಸ್’ ಎಂದು ಹೆಸರಿಟ್ಟಿತು. ಗ್ರೀಕಿನಲ್ಲಿ ಪುನರುತ್ಥಾನವೆಂದು ಅರ್ಥ. ಹಿಂದೆ ಪ್ರಯಾಣಿಕರು ನಿದ್ರಿಸುತ್ತಿದ್ದ ಹಡಗಿನಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗಳು ಬಂದವು. ಆಫ್ರಿಕದ ಬಡಜನರ ಕಣ್ಣಿನ ಪೊರೆಯನ್ನೂ ಮುಖದ ಗಡ್ಡೆಗಳನ್ನೂ ಅಲ್ಲಿ ತೆಗೆದರು. ಒಂದು ಕಾಲದಲ್ಲಿ ಇಟಲಿಯ ಹಡಗುಗಳು ಸಿಪಾಯಿಗಳನ್ನು ಹೊತ್ತೊಯ್ದ ಅದೇ ಖಂಡದ ಕರಾವಳಿಗೆ ಈ ಹಡಗು ವೈದ್ಯರನ್ನು ಕರೆದೊಯ್ದಿತು. ವಯಸ್ಸಾದ ಮೇಲೆ, ೨೦೦೭ರಲ್ಲಿ, ಗುಜರಾತಿನ ಅಲಂಗ್ ತೀರದಲ್ಲಿ ಅದನ್ನು ದಡಕ್ಕೆಳೆದು ಒಡೆದರು. ಅಲಂಗಿನ ಕಬ್ಬಿಣ ಕರಗಿ, ಕಾಯ್ದು, ಕಟ್ಟಡದ ಸರಳಾಗಿ ದೇಶವನ್ನೆಲ್ಲ ಸುತ್ತುತ್ತದೆ. ನಮ್ಮವರನ್ನು ದಡ ದಾಟಿಸಿದ ಹಡಗು ನಮ್ಮ ದಡದಲ್ಲಿಯೇ ಕೊನೆಗಂಡು, ಈಗ ಯಾರದೋ ಮನೆಯ ತಾರಸಿಯೊಳಗೆ ಭಾರ ಹೊತ್ತು ಕುಳಿತಿದೆ.